ವಿಮಾನ ನಿಲ್ದಾಣವೂ ಮಿರಜದ ದಾರಿಯೂ
(ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಈ ವೇದಿಕೆಯಲ್ಲಿ ನುಡಿ, ಸಾಹಿತ್ಯಗಳ ಮಾತನ್ನಾಡುವುದು ವಾಡಿಕೆ. ನಾನಿಂದು ವಿಮಾನ ನಿಲ್ದಾಣದ ವಿಷಯವನ್ನು ಎತ್ತಿಕೊಂಡುದಕ್ಕೆ ಕ್ಷಮೆಯಿರಲಿ. ಆದರೆ ಬೆಂಗಳೂರಿಗೋ ಹೈದರಾಬಾದಿಗೋ ಮಕ್ಕಳನ್ನು ಕಳುಹದ ಮನೆ ನಮ್ಮಲ್ಲಿ ಎಷ್ಟಿವೆ?

ನಮ್ಮ ಓಣಿಯ ಹಿರಿಯ ತಾಯಿಯೊಬ್ಬರು ಒಂದು ಮಳೆಗಾಲದಲ್ಲಿ ಮಿರಜದ ಆಸ್ಪತ್ರೆಯನ್ನು ಸೇರಿದರು. ಮಗನಿರುವುದು ಬೆಂಗಳೂರಿನಲ್ಲಿ. ರೈಲು ಹಿಡಿದಿದ್ದರೆ ಮರುದಿನವೇ ಬರಬೇಕಾಗಿತ್ತು. ಆತನು ಕೊಲ್ಹಾಪುರಕ್ಕೆ ವಿಮಾನದಲ್ಲಿ ಬಂದನು. ಅಲ್ಲಿಂದ ಮಿರಜಕ್ಕೆ ಬಸ್ಸು ಕಾದು, ಬಾಡಿಗೆ ಮೋಟಾರಿಗಾಗಿ ಚೌಕಾಸಿ ಮಾಡಿ, ಮಳೆಯಲ್ಲಿ ಬಂದು ತಲುಪುವಷ್ಟರಲ್ಲಿ ಆಕಾಶದಲ್ಲಿ ಕಳೆದುದಕ್ಕಿಂತ ಹೆಚ್ಚು ಹೊತ್ತು ನೆಲದ ಮೇಲೆ ಕಳೆದುಹೋಗಿತ್ತು. ತಾಯಿ ಮಗನ ಗುರುತು ಹಿಡಿದರು, ಅಷ್ಟು ಪುಣ್ಯ.

ಮಿರಜಕ್ಕೆ ದೂರದಿಂದ ಜನ ಬರುವುದು ಹೊಸತಲ್ಲ. ಡಾಕ್ಟರ್ ವಾನ್ಲೆಸ್ ಅವರು 1894ರಲ್ಲಿ ಇಲ್ಲಿ ಆಸ್ಪತ್ರೆ ತೆರೆದ ಕಾಲದಿಂದ ಇದು ವೈದ್ಯಕ್ಕೆ ಹೆಸರಾದ ಊರು. ಅಥಣಿ, ರಾಯಬಾಗ, ಜತ್ತಗಳಿಂದ ರೋಗಿಗಳು ಇಂದಿಗೂ ಬರುತ್ತಾರೆ. ಪುಣೆ, ಬೆಳಗಾವಿ, ಕೊಲ್ಹಾಪುರ, ಪಂಢರಪುರಗಳ ಹಳಿಗಳು ಇಲ್ಲಿ ಕೂಡುತ್ತವೆ. ಇಂಥ ಊರಿಗೆ ವಿಮಾನವಿಲ್ಲವೇಕೆ ಎಂಬ ಪ್ರಶ್ನೆ ಸಹಜವಾದುದೇ.

ಸಾಂಗಲಿಯ ಹತ್ತಿರ ಕವಲಾಪುರದಲ್ಲಿ ಹಳೆಯದೊಂದು ವಿಮಾನಪಥವಿದೆ. ಅಲ್ಲಿ ನಿಲ್ದಾಣವಾಗಬೇಕೆಂಬ ಬೇಡಿಕೆಯನ್ನು ನಾವೆಲ್ಲ ಕೇಳಿದ್ದೇವೆ, ನಾನೂ ಕೈಯೆತ್ತಿದವನೇ. ಆದರೆ ದೊಡ್ಡ ವಿಮಾನಕ್ಕೆ ಉದ್ದನೆಯ ಪಥ ಬೇಕು, ಪಥಕ್ಕೆ ಭೂಮಿ ಬೇಕು. ತಾಸಗಾಂವದ ಆ ಕಡೆಯದು ದ್ರಾಕ್ಷಿಯ ಸೀಮೆ. ಬಳ್ಳಿಯನ್ನು ಮಕ್ಕಳಂತೆ ಸಾಕಿದ ರೈತನನ್ನು ಕೇಳದೆ ನಕಾಶೆಯ ಮೇಲೆ ಗೆರೆಯೆಳೆಯುವುದು ನನಗೆ ಒಪ್ಪಿಗೆಯಿಲ್ಲ.

ಇನ್ನೊಂದು ಮಾತೂ ಉಂಟು. ಕೊಲ್ಹಾಪುರದ ಉಜಳಾಯಿವಾಡಿಯ ನಿಲ್ದಾಣ 1939ರಷ್ಟು ಹಳೆಯದು. ಅಂಥ ನಿಲ್ದಾಣವೂ ನಡುವೆ ವರ್ಷಗಟ್ಟಲೆ ವಿಮಾನವಿಲ್ಲದೆ ಬಿಕೋ ಎನ್ನುತ್ತಿತ್ತು. 2018ರಲ್ಲಿ ಉಡಾನ್ ಯೋಜನೆಯಿಂದ ಮತ್ತೆ ಜೀವ ಬಂತು. ಆ ವರ್ಷದ ಡಿಸೆಂಬರಿನಲ್ಲಿ ಬೆಂಗಳೂರು, ಹೈದರಾಬಾದುಗಳಿಗೆ ಸಂಚಾರ ಮೊದಲಾಯಿತು. ಈ ಯೋಜನೆಯ ಮರ್ಮವಿಷ್ಟೆ: ವಿಮಾನದ ಒಂದು ಭಾಗದ ಆಸನಗಳಿಗೆ ದರದ ಮಿತಿ ಕಟ್ಟಿ, ಕಂಪನಿಗೆ ತಗಲುವ ಕೊರತೆಯನ್ನು ಮೂರು ವರ್ಷಗಳವರೆಗೆ ಸರಕಾರ ತುಂಬಿಕೊಡುತ್ತದೆ. ಆಮೇಲೆ ಪ್ರಯಾಣಿಕರೇ ಆ ವಿಮಾನವನ್ನು ಸಾಕಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಟ್ಟಿದ ಬೆಳಗಾವಿಯ ಸಾಂಬ್ರಾ ನಿಲ್ದಾಣಕ್ಕೂ 2019ರಲ್ಲಿ ಇದೇ ಯೋಜನೆಯ ನೆರವು ದೊರೆಯಿತು. ಕೊಲ್ಹಾಪುರ ನಮಗೆ ಹತ್ತಿರ. ಸಾಂಬ್ರಾ ನೂರು ಕಿಲೋಮೀಟರಿಗೂ ಮಿಗಿಲು. ಇವೆರಡರ ನಡುವೆ ಮೂರನೆಯದೊಂದು ಬಂದು ಮೂರೂ ಅರ್ಧ ಹೊಟ್ಟೆಯಲ್ಲಿ ನಡೆದರೆ ಯಾರಿಗೆ ಲಾಭ? ಕವಲಾಪುರದ ಆಸೆಯನ್ನು ಬಿಡಿರೆಂದು ನಾನು ಹೇಳುವುದಿಲ್ಲ. ಅದು ಕೈಗೂಡುವವರೆಗೆ ನಮ್ಮ ರೋಗಿಗಳೂ ಮಕ್ಕಳೂ ಕಾಯುವಂತಿಲ್ಲ, ಅಷ್ಟೆ.

ಆದುದರಿಂದ ಮೊದಲು ನಾವು ಕೇಳಬೇಕಾದುದು ಸಣ್ಣದು. ಮಿರಜದ ರೈಲು ನಿಲ್ದಾಣದಿಂದ ಉಜಳಾಯಿವಾಡಿಗೆ ವಿಮಾನದ ವೇಳೆಗೆ ಹೊಂದಿಕೊಂಡು ಹೋಗಿಬರುವ ಬಸ್ಸು. ಅದರ ಫಲಕದಲ್ಲಿ ಮರಾಠಿಯ ಜೊತೆಗೆ ಕನ್ನಡದಲ್ಲಿಯೂ ಒಂದು ಸಾಲು. ಜತ್ತದಿಂದ ಬಂದ ಅಜ್ಜನು ಓದಿಕೊಂಡು ಹತ್ತುವಂತಿರಬೇಕು. ನಮ್ಮ ಮರಾಠಿ ನೆರೆಹೊರೆಯವರಿಗೂ ಇದೇ ಬಸ್ಸು ಬೇಕಾಗಿದೆ. ಅವರನ್ನು ಬಿಟ್ಟು ನಾವೊಬ್ಬರೇ ಕೇಳುವುದು ಸರಿಯಲ್ಲ. ಮನವಿಯನ್ನು ಎರಡೂ ಭಾಷೆಗಳಲ್ಲಿ ಬರೆದು ಕಾರ್ಯದರ್ಶಿಗಳ ಕೈಯಲ್ಲಿ ಕೊಟ್ಟಿದ್ದೇನೆ. ಊಟಕ್ಕೆ ಏಳುವ ಮುನ್ನ ತಾವು ಅದಕ್ಕೆ ಸಹಿ ಮಾಡಬೇಕು.