ಚಪ್ಪಾಳೆಯ ಹೊಣೆ
(ಶಾಲಾ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನಾಟಕವನ್ನೂ ನಟರನ್ನೂ ಕುರಿತು ನಾಲ್ಕು ಮಾತನಾಡಬೇಕೆಂದು ಸಂಘದವರು ಅಪ್ಪಣೆ ಮಾಡಿದ್ದಾರೆ. ನಾನು ಬಣ್ಣ ಹಚ್ಚಿದವನಲ್ಲ. ನಾಟ್ಯಶಾಸ್ತ್ರವನ್ನು ಓದಿದವನೂ ಅಲ್ಲ. ಬಿಡುವಾದಾಗ ಸಿನಿಮಾ ನೋಡುವವನು. ಊರಿನಲ್ಲಿ ನಾಟಕವಾದರೆ ಚಾಪೆಯ ಮೇಲೆ ಕುಳಿತು ಬೆಳಗು ಮಾಡುವವನು. ಆದರೆ ಅಡಿಗೆ ಬಾರದವನಿಗೂ ಊಟದ ರುಚಿ ತಿಳಿಯುತ್ತದೆಯಷ್ಟೆ. ಆ ಧೈರ್ಯದಿಂದ ನಿಮ್ಮೆದುರು ನಿಂತಿದ್ದೇನೆ.

ಹಿಂದೊಮ್ಮೆ ಮಕ್ಕಳ ನಾಟಕವೊಂದನ್ನು ನೋಡಿದೆ. ದುರ್ಯೋಧನನ ಪಾತ್ರದ ಹುಡುಗನು ಗದೆಯನ್ನು ನೆಲಕ್ಕೆ ಬಡಿದು ಗಂಟಲು ಹರಿಯುವಂತೆ ಆರ್ಭಟಿಸಿದನು. ಚಪ್ಪಾಳೆಯೋ ಚಪ್ಪಾಳೆ! ನಾನೂ ತಟ್ಟಿದೆ. ಒಂದು ಮೂಲೆಯಲ್ಲಿ ವಿದುರನ ವೇಷದ ಬಾಲಕನು ಮಾತಿಲ್ಲದೆ ನಿಂತಿದ್ದನು. ದುರ್ಯೋಧನನ ಒಂದೊಂದು ನುಡಿಗೂ ಅವನ ಮುಖವು ಬಾಡುತ್ತಿತ್ತು. ಅವನನ್ನು ಯಾರೂ ಹೊಗಳಲಿಲ್ಲ. ಮರುದಿನದಿಂದ ಬೀದಿಯ ಹುಡುಗರೆಲ್ಲರೂ ದುರ್ಯೋಧನರಾದರು. ವಿದುರನಾಗಲು ಒಬ್ಬನೂ ಮನಸ್ಸು ಮಾಡಲಿಲ್ಲ. ತಪ್ಪು ಅವರದಲ್ಲ, ಚಪ್ಪಾಳೆ ತಟ್ಟಿದ ನಮ್ಮದು.

ಕಂಪನಿ ನಾಟಕಗಳ ಕಾಲದಲ್ಲಿ ಹಾಡೊಂದು ಹಿಡಿಸಿದರೆ ಜನರು ‘ಒನ್ಸ್ ಮೋರ್’ ಎಂದು ಕೂಗುತ್ತಿದ್ದರು. ನಟನು ಕಥೆಯನ್ನು ನಿಲ್ಲಿಸಿ ಅದನ್ನೇ ಮತ್ತೆ ಹಾಡಬೇಕಾಗುತ್ತಿತ್ತು. ನೋಡುವವರು ಬೇಡಿದುದನ್ನೇ ರಂಗವು ಕೊಡುತ್ತದೆ. ಆದುದರಿಂದ ಒಳ್ಳೆಯ ನಾಟಕಕ್ಕೆ ಒಳ್ಳೆಯ ನೋಡುಗನೂ ಬೇಕು.

ಜನರ ಈ ಅಭಿರುಚಿಯನ್ನು ತಿದ್ದಲು ಹೆಣಗಿದ ಮಹಾನಟರೊಬ್ಬರು ನಮ್ಮ ಸೀಮೆಯಲ್ಲಿಯೇ ಹುಟ್ಟಿದರು. ಬಳ್ಳಾರಿ ರಾಘವರು 1880ರಲ್ಲಿ ಜನಿಸಿದುದು ತಾಡಿಪತ್ರಿಯಲ್ಲಿ. ಅನಂತಪುರ ಜಿಲ್ಲೆಯು ಬಳ್ಳಾರಿಯಿಂದ ಬೇರೆಯಾದುದು 1882ರಲ್ಲಿ. ಬಳ್ಳಾರಿಯು ಮೈಸೂರಿಗೆ ಸೇರಿ, ನಾವು ಆಂಧ್ರದಲ್ಲಿ ಉಳಿದುದು 1953ರಲ್ಲಿ. ರಾಘವರ ಕಲೆಗೆ ಇಂಥ ಗಡಿಗಳಿರಲಿಲ್ಲ. ವೃತ್ತಿಯಿಂದ ವಕೀಲರಾಗಿದ್ದ ಅವರು ತೆಲುಗು, ಕನ್ನಡ, ಇಂಗ್ಲಿಷ್ ಮೂರು ಭಾಷೆಗಳಲ್ಲಿಯೂ ಅಭಿನಯಿಸಿದರು. ಸಂದರ್ಭವನ್ನು ಮರೆತು ಪದ್ಯಗಳನ್ನು ರಾಗವಾಗಿ ಎಳೆಯುವ ಪದ್ಧತಿಯನ್ನು ಅವರು ಒಪ್ಪಲಿಲ್ಲ. ಪಾತ್ರದ ಮನಸ್ಸು ಮಾತಿನಲ್ಲಿಯೂ ಮುಖದಲ್ಲಿಯೂ ಕಾಣಬೇಕೆಂದರು. ಸ್ತ್ರೀಪಾತ್ರವನ್ನು ಸ್ತ್ರೀಯೇ ವಹಿಸಬೇಕೆಂದು ಹಟ ಹಿಡಿದು, ಗೌರವಸ್ಥ ಮನೆತನದ ಹೆಣ್ಣುಮಕ್ಕಳನ್ನು ರಂಗಕ್ಕೆ ಕರೆತಂದರು. ಪೌರಾಣಿಕ ಪಾತ್ರಗಳಲ್ಲಿ ಮೆರೆದ ಇವರೇ 1939ರಲ್ಲಿ ‘ರೈತುಬಿಡ್ಡ’ ಎಂಬ ತೆಲುಗು ಚಿತ್ರದಲ್ಲಿ ರೈತನಾದರು. 1946ರಲ್ಲಿ ಕಾಲವಾದರು.

ಸಿನಿಮಾದ ನಟನೆ ಬೇರೆ, ರಂಗದ ನಟನೆ ಬೇರೆ ಎಂಬುದು ನಿಜ. ರಂಗದಲ್ಲಿ ಕಟ್ಟಕಡೆಯ ಚಾಪೆಯವನಿಗೂ ಮಾತು ಮುಟ್ಟಬೇಕು; ಕ್ಯಾಮೆರಾದ ಮುಂದೆ ರೆಪ್ಪೆ ಅಲುಗಿದರೂ ಸಾಕು. ಆದರೆ ಬೇರು ಒಂದೇ. 1934ರ ‘ಸತಿ ಸುಲೋಚನ’ದಲ್ಲಿ ಅಭಿನಯಿಸಿದ ಸುಬ್ಬಯ್ಯನಾಯ್ಡು, ನಾಗೇಂದ್ರರಾಯರು ರಂಗಭೂಮಿಯವರು. 1954ರ ‘ಬೇಡರ ಕಣ್ಣಪ್ಪ’ದ ರಾಜ್‌ಕುಮಾರರು ಗುಬ್ಬಿ ಕಂಪನಿಯಲ್ಲಿ ಪಳಗಿದವರು. ಇವರು ದೊಡ್ಡ ದನಿಯನ್ನು ಚಿಕ್ಕದು ಮಾಡಿಕೊಂಡರೇ ಹೊರತು ಭಾವವನ್ನು ಚಿಕ್ಕದು ಮಾಡಿಕೊಳ್ಳಲಿಲ್ಲ.

ಮಕ್ಕಳೇ, ಇನ್ನು ಮುಂದೆ ನಾಟಕವನ್ನಾಗಲಿ ಸಿನಿಮಾವನ್ನಾಗಲಿ ನೋಡುವಾಗ ಮಾತನಾಡುವ ನಟನನ್ನು ಮಾತ್ರ ನೋಡಬೇಡಿರಿ. ಕೇಳುತ್ತ ನಿಂತಿರುವವನನ್ನೂ ನೋಡಿರಿ. ತನ್ನ ಸರದಿ ಬರುವವರೆಗೆ ಕಂಬದಂತೆ ನಿಲ್ಲುವವನು ನಟನಲ್ಲ. ಎದುರಿನವರ ಮಾತನ್ನು ಮನಸ್ಸಿಟ್ಟು ಕೇಳುವವನೇ ನಟ. ಈ ಗುಣವು ರಂಗದಲ್ಲಿ ಮಾತ್ರವಲ್ಲ, ಮನೆಯಲ್ಲಿಯೂ ತರಗತಿಯಲ್ಲಿಯೂ ಬೇಕಾದುದು.

ಹೆತ್ತವರಲ್ಲಿ ನನ್ನದೊಂದು ಬಿನ್ನಹ. ಹಾಡಿಗೆ, ಓಟಕ್ಕೆ ಮಗಳನ್ನು ಕಳುಹಿಸುವ ನಾವು, ನಾಟಕವೆಂದೊಡನೆ “ನಾಲ್ಕು ಜನ ಏನೆಂದಾರು?” ಎಂದು ಹಿಂಜರಿಯುತ್ತೇವೆ. ದ್ರೌಪದಿಯ ಸಂಕಟವನ್ನು ಹೇಳಲು ಮೀಸೆ ಬೋಳಿಸಿದ ಹುಡುಗನನ್ನು ಹುಡುಕುತ್ತೇವೆ. ರಾಘವರು ಹುಟ್ಟಿದ ಸೀಮೆಗೆ ಇದು ಒಪ್ಪತಕ್ಕ ಮಾತೇ? ಆ ನಾಲ್ಕು ಜನರು ಬೇರೆ ಯಾರೂ ಅಲ್ಲ. ಇಲ್ಲಿ ಕುಳಿತಿರುವ ನಾವೇ. ಬರುವ ವರ್ಷ ನಿಮ್ಮ ಮಗಳು ರಂಗದ ಮೇಲೆ ಬರಲಿ. ಅವಳ ಮಾತು ಮುಗಿಯುವವರೆಗೆ ಸುಮ್ಮನಿದ್ದು ಕೇಳೋಣ. ಅನಂತರ ಚಪ್ಪಾಳೆ ತಟ್ಟೋಣ.