ಯಾವ ಕಂಪ್ಯೂಟರ್ ಯಾವ ಗುಂಪಿಗೆ?

ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ರಾಶಿ ನೋಡಿದ್ದೀರಾ? ಉದ್ದಕ್ಕೆ, ಸುಕ್ಕುಸುಕ್ಕಾಗಿದ್ದರೆ ಕಡ್ಡಿ. ಗಿಡ್ಡಗೆ, ದಪ್ಪಗಿದ್ದರೆ ಡಬ್ಬಿ. ನೋಡಿದ ಕೂಡಲೇ ಗೊತ್ತಾಗುತ್ತದೆ. ಕಂಪ್ಯೂಟರ್ ಹಾಗಲ್ಲ. ಹೊರಗಿನಿಂದ ಎಲ್ಲವೂ ಒಂದೇ ಕಪ್ಪು ಪೆಟ್ಟಿಗೆ!

ಆದರೂ ಅವನ್ನು ಈಗ ವಿಂಗಡಿಸಲೇಬೇಕು. 2015ರಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದರಿಂದ ಕಂಪ್ಯೂಟರ್ ಏನೂ ನಿಂತುಹೋಗುವುದಿಲ್ಲ; ವೈರಸ್ ನುಸುಳುವ ಕಿಂಡಿಗಳನ್ನು ಮುಚ್ಚುವವರು ಇರುವುದಿಲ್ಲ, ಅಷ್ಟೆ. ವಿಂಡೋಸ್ 11 ಹಾಕೋಣವೆಂದರೆ ಅದರ ಬೇಡಿಕೆಗಳು ಹಲವು: ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಮೈಕ್ರೋಸಾಫ್ಟ್ ಒಪ್ಪಿದ ಪ್ರೊಸೆಸರ್, ಜೊತೆಗೆ ಟಿಪಿಎಂ 2.0. ಗುಟ್ಟಿನ ಕೀಲಿಗಳನ್ನು ಭದ್ರವಾಗಿಡುವ ಏರ್ಪಾಡೇ ಈ ಟಿಪಿಎಂ.

ಹಾವೇರಿಯಲ್ಲಿ ಕೂತ ಒಬ್ಬ ಅಕ್ಕ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಶಾಲೆಗಳ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುತ್ತಾರೆ ಅಂದುಕೊಳ್ಳಿ. ಹೆದ್ದಾರಿ ಹಿಡಿದು ರಾಣೆಬೆನ್ನೂರಿಗೆ, ಮೋಟೆಬೆನ್ನೂರಲ್ಲಿ ತಿರುಗಿ ಬ್ಯಾಡಗಿಗೆ ಓಡಾಡಿ ಪೆಟ್ಟಿಗೆ ಬಿಚ್ಚಬೇಕಿಲ್ಲ. ಪ್ರತಿ ಕಂಪ್ಯೂಟರಿನಲ್ಲೂ ಒಂದು ಚಿಕ್ಕ ಪ್ರೋಗ್ರಾಂ ಇರುತ್ತದೆ. ನೆಟ್ ಸಿಕ್ಕಾಗ ಅದು ‘ನನ್ನ ರ‍್ಯಾಮ್ ಇಷ್ಟು, ಪ್ರೊಸೆಸರ್ ಇಂಥದ್ದು’ ಎಂದು ವರದಿ ಒಪ್ಪಿಸುತ್ತದೆ.

ಊರಿಗೊಂದು ಗುಂಪು ಮಾಡಿದರೆ ಸುಲಭವಲ್ಲವೇ? ಸುಲಭ, ಆದರೆ ಇಲ್ಲಿ ಉಪಯೋಗವಿಲ್ಲ. ಒಂದೇ ಲ್ಯಾಬಿನಲ್ಲಿ ಹಳೆಯದೂ ಹೊಸದೂ ಅಕ್ಕಪಕ್ಕ ಇರುತ್ತವೆ. ಅದಕ್ಕೇ ಅಕ್ಕ ಹೆಸರುಗಳ ಪಟ್ಟಿ ಬರೆಯುವುದಿಲ್ಲ, ನಿಯಮ ಬರೆಯುತ್ತಾರೆ. ಎಲ್ಲ ಇದ್ದರೆ ‘ಸಿದ್ಧ’. ಪ್ರೊಸೆಸರೇ ಹಳೆಯದಾದರೆ ‘ಆಗದು’. ನನಗೆ ಇಷ್ಟವಾಗುವುದು ನಡುವಿನ ‘ಸರಿಪಡಿಸಬಹುದು’ ಗುಂಪು. ಇಲ್ಲಿ ಕೆಲವದರಲ್ಲಿ ಟಿಪಿಎಂ ಇದ್ದೂ, ಕಂಪ್ಯೂಟರ್ ಶುರುವಾಗುವಾಗಿನ ಮೂಲ ಸೆಟ್ಟಿಂಗ್‌ಗಳಿರುವ ಬಯಾಸ್‌ನಲ್ಲಿ ಆಫ್ ಆಗಿರುತ್ತದೆ. ಆನ್ ಮಾಡಿದರೆ ಮುಗಿಯಿತು. ಕೆಲವಕ್ಕೆ ರ‍್ಯಾಮ್ ಸಾಲದು. ಇನ್ನೊಂದು ರ‍್ಯಾಮ್ ಪಟ್ಟಿ ಸಿಕ್ಕಿಸಿದರಾಯಿತು. ಮುಂದಿನ ವರದಿ ಬಂದ ಕೂಡಲೇ ಆ ಕಂಪ್ಯೂಟರ್ ತಾನಾಗಿಯೇ ‘ಸಿದ್ಧ’ ಗುಂಪಿಗೆ ಜಿಗಿಯುತ್ತದೆ, ಯಾರೂ ಎತ್ತಿಡಬೇಕಿಲ್ಲ.

‘ಸಿದ್ಧ’ ಗುಂಪಿಗೂ ಒಮ್ಮೆಲೇ ಹೊಸ ವಿಂಡೋಸ್ ಹಾಕುವುದಿಲ್ಲ. ಮೊದಲು ನಾಲ್ಕೈದಕ್ಕೆ ಹಾಕಿ, ಪ್ರಿಂಟರ್, ಕನ್ನಡ ಟೈಪಿಂಗ್ ಸರಿಯಾಗಿವೆಯೇ ಎಂದು ನೋಡುತ್ತಾರೆ.

‘ಆಗದು’ ಗುಂಪನ್ನು ಗುಜರಿಗೆ ಹಾಕುವುದು ದಡ್ಡತನ. ಉಬುಂಟುವಿನಂಥ ಲಿನಕ್ಸ್ ಉಚಿತ, ಅದಕ್ಕೆ ಟಿಪಿಎಂ ಬೇಕೇ ಬೇಕೆಂದಿಲ್ಲ.

ನಿಮ್ಮ ಶಾಲೆಯ ಕಂಪ್ಯೂಟರಿನಲ್ಲಿ ವಿಂಡೋಸ್ 10 ಇದ್ದರೆ ಸೆಟ್ಟಿಂಗ್ಸ್, ಸಿಸ್ಟಂ, ಅಬೌಟ್ ಒತ್ತಿ ನೋಡಿ. ರ‍್ಯಾಮ್, ಪ್ರೊಸೆಸರ್ ಎರಡೂ ಅಲ್ಲಿ ಕಾಣುತ್ತವೆ. ಬಯಾಸ್ ಮಾತ್ರ ಟೀಚರ್ ಇಲ್ಲದೆ ಮುಟ್ಟಬೇಡಿ.