ಗೊರಕೆ ಸುಖನಿದ್ರೆಯ ಲಕ್ಷಣವಲ್ಲ



ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನರು ತಮ್ಮ ಕನಸುಗಳನ್ನು ಸ್ವಹಸ್ತದಿಂದ ಬರೆದಿಟ್ಟಿದ್ದರು. ಆ ಹಸ್ತಪ್ರತಿ ಇಂದು ಲಂಡನ್ನಿನಲ್ಲಿದೆ. ಕಂಡ ಕನಸನ್ನು ಬರೆದಿಡಬಹುದು. ನಿದ್ರೆಯಲ್ಲಿ ಉಸಿರು ನಿಂತದ್ದು ಮಾತ್ರ ಮಲಗಿದವನಿಗೇ ತಿಳಿಯದು. ಜೋರು ಗೊರಕೆಯ ನಡುವೆ ಹತ್ತು ಸೆಕೆಂಡಿಗೂ ಹೆಚ್ಚು ಕಾಲ ಉಸಿರು ನಿಂತು, ಏದುಸಿರಿನೊಂದಿಗೆ ಮರಳುತ್ತಿದ್ದರೆ ಅದು ಸ್ಲೀಪ್ ಅಪ್ನಿಯಾ ಆಗಿರಬಹುದು. ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಮುಚ್ಚುತ್ತದೆ. ಮೆದುಳು ರಾತ್ರಿಯಿಡೀ ಬೆಚ್ಚುತ್ತಲೇ ಇರುತ್ತದೆ. ಏಳು ಗಂಟೆ ಮಲಗಿದರೂ ಬೆಳಿಗ್ಗೆ ತಲೆನೋವು, ಹಗಲೆಲ್ಲ ತೂಕಡಿಕೆ; ಕ್ರಮೇಣ ರಕ್ತದೊತ್ತಡ. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ರಸ್ತೆಗಳಲ್ಲಿ ಲಾರಿ ಓಡಿಸುವವರು ಹೀಗೆ ತೂಕಡಿಸಿದರೆ ಗತಿಯೇನು? ನಾವಾದರೋ ಮೆಡಿಕಲ್ ಶಾಪಿನಿಂದ ನಿದ್ರೆಮಾತ್ರೆ ತರುತ್ತೇವೆ. ಅದು ರೋಗವನ್ನು ಉಲ್ಬಣಗೊಳಿಸಬಹುದು. ಚಿಕಿತ್ಸೆಯಿದೆ. ವೈದ್ಯರ ಬಳಿಗೆ ಹೋಗುವಾಗ ಪತ್ನಿಯನ್ನೂ ಕರೆದೊಯ್ಯಿರಿ. ಪಕ್ಕದಲ್ಲಿ ಎಚ್ಚರವಿದ್ದು ಆ ನಿಂತ ಉಸಿರನ್ನು ಆಲಿಸಿದವರು ಅವರೇ.